ತ್ರೀ ಫೇಸ್ ಹೋದ ಮೇಲೆ ಫೋನ್ ಮಾಡ್ರಿ

ಜತ್ತ ತಾಲೂಕಿನ ಪೂರ್ವ ಭಾಗದ ರೈತನಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಹೋದರೆ ಆತ ದರ ಕೇಳುವ ಮೊದಲು ಊರು ಕೇಳುತ್ತಾನೆ. "ಯಾವೂರವ್ರ್ರೀ?" ಇದಕ್ಕೆ ತಡವರಿಸಿದರೆ ಮುಂದಿನ ಮಾತೆಲ್ಲ ಗಾಳಿಪಾಲು. ಉಮದಿ, ಸಂಖ, ತಿಕ್ಕುಂಡಿ, ಮಾಡಗ್ಯಾಳ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಹೊಲದ ಪಹಣಿಯಾದ ಸಾತಬಾರಾ ಉತಾರ, ಬ್ಯಾಂಕಿನ ಕಾಗದ, ತಹಶೀಲ ಕಚೇರಿಯ ವ್ಯವಹಾರ ಎಲ್ಲ ಮರಾಠಿ. ಇಲ್ಲಿ ಏನನ್ನಾದರೂ ಮಾರಲು ಹೊರಟವನಿಗೆ ಎರಡೂ ಬರಬೇಕು, ಯಾವುದನ್ನು ಎಲ್ಲಿ ಆಡಬೇಕೆಂಬುದೂ ಗೊತ್ತಿರಬೇಕು.

ಹನಿ ನೀರಾವರಿಯ ಸಾಮಾನನ್ನು ಫೋನಿನ ಮೇಲೆ ಮಾರುವುದು ನನ್ನ ಕಸುಬು. ಲ್ಯಾಟರಲ್ ಪೈಪು, ಡ್ರಿಪ್ಪರು, ಫಿಲ್ಟರು, ವೆಂಚುರಿ. ಮುಖ ನೋಡದ, ಹೆಸರಷ್ಟೇ ಗೊತ್ತಿರುವ ರೈತನಿಗೆ ಕರೆ ಮಾಡಿ, ಸಾವಿರಾರು ರೂಪಾಯಿಯ ಮಾತನ್ನು ಕಿವಿಯಿಂದ ಕಿವಿಗೆ ದಾಟಿಸಬೇಕು. ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಬೇಗ ಬಿಟ್ಟುಹೋಗುತ್ತಾರೆ. ಉಳಿದವರು ಹೇಗೆ ಉಳಿಯುತ್ತಾರೆ, ಅವರ ದನಿಗೆ ಗಟ್ಟಿತನ ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಸಾಂಗ್ಲಿ ಜಿಲ್ಲೆ ಅಂದಕೂಡಲೇ ಕೃಷ್ಣೆಯ ದಂಡೆ, ಕಬ್ಬು, ಅರಿಷಿಣದ ಪೇಟೆ ಕಣ್ಣಮುಂದೆ ಬರುತ್ತವೆ. ಜತ್ತ ಆ ಚಿತ್ರದೊಳಗೆ ಕೂಡುವುದಿಲ್ಲ. ವಿಸ್ತೀರ್ಣದಲ್ಲಿ ಇದು ಜಿಲ್ಲೆಯ ಅತಿ ದೊಡ್ಡ ತಾಲೂಕು, ನೀರಿನ ವಿಷಯದಲ್ಲಿ ತೀರ ಬಡ ತಾಲೂಕು. ಮಳೆ ಕೈಕೊಟ್ಟ ವರ್ಷ ಊರೂರಿಗೆ ಟ್ಯಾಂಕರು ಬರುತ್ತದೆ. ಸುಗ್ಗಿಯಲ್ಲಿ ಸಂಸಾರ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವ ಮಂದಿ ಬಹಳ. ಇಂಥ ನೆಲದಲ್ಲಿ ಬೋರು ಕೊರೆಸಿ, ಪ್ಲಾಸ್ಟಿಕ್ ಹಾಸಿದ ಶೇತತಳೆ (ಕೃಷಿ ಹೊಂಡ) ಮಾಡಿಸಿ, ದಾಳಿಂಬೆ, ದ್ರಾಕ್ಷಿ ಬಾಗ ಎಬ್ಬಿಸಿದವರು ನಮ್ಮ ಗಿರಾಕಿಗಳು. ಅವರು ನೀರನ್ನು ಲೀಟರಿನ ಲೆಕ್ಕದಲ್ಲಿ ಬಲ್ಲವರು. ಅವರೆದುರು ಲೆಕ್ಕವಿಲ್ಲದೆ ಮಾತಾಡಿ ಗೆಲ್ಲುವುದು ಆಗದ ಮಾತು.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಈ ರೈತ ಸ್ವತಃ ನುರಿತ ವ್ಯಾಪಾರಿ. ಮಾಡಗ್ಯಾಳದ ಕುರಿಯೆಂದರೆ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಹೆಸರು. ಬಾಗಿದ ಮೂಗಿನ ಒಳ್ಳೆಯ ಟಗರಿಗೆ ಕೇಳಿದವರು ಬೆರಗಾಗುವಂಥ ಬೆಲೆ ಬರುತ್ತದೆ. ಖಿಲಾರಿ ಹೋರಿ ಮಾರಿದವರು, ಒಣದ್ರಾಕ್ಷಿಯನ್ನು ತಾಸಗಾವ, ಸಾಂಗ್ಲಿಯ ಸವಾಲಿನಲ್ಲಿ ನಿಂತು ಮಾರಿದವರು, ದಾಳಿಂಬೆಗೆ ಬಂದ ದಲ್ಲಾಳಿಯನ್ನು ಬಾಗದ ಒಡ್ಡಿನ ಮೇಲೆ ನಿಲ್ಲಿಸಿ ದರ ಏರಿಸಿದವರು ಫೋನಿನ ಆ ಬದಿಯಲ್ಲಿದ್ದಾರೆ. ಮಾರುವವನ ಆತುರ ಅವರಿಗೆ ಮೊದಲ ವಾಕ್ಯದಲ್ಲೇ ವಾಸನೆ ಹೊಡೆಯುತ್ತದೆ.

ಹೊಸಬರ ಕೈಗೆ ಕಂಪನಿಗಳು ಕೊಡುವುದು ಬಾಯಿಪಾಠದ ಒಂದು ಹಾಳೆ. "ಸರ್, ನಿಮ್ಮ ಎರಡು ನಿಮಿಷ ಸಿಗಬಹುದೇ?" ಎಂದು ಶುರುವಾಗಿ, ಗಿರಾಕಿ ಬೇಡವೆಂದರೆ ಏನು ಹೇಳಬೇಕು, ದುಬಾರಿ ಅಂದರೆ ಏನು ಹೇಳಬೇಕು ಎಂದು ಕವಲೊಡೆಯುವ ಹಾಳೆ ಅದು. ಈ ಪದ್ಧತಿ ಹೊಸದಲ್ಲ. 1887ರಲ್ಲಿ ಅಮೆರಿಕದ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ತನ್ನ ಮಾರಾಟಗಾರರಿಗೆಂದೇ ಒಂದು ಕಿರುಪುಸ್ತಕ ಮಾಡಿಸಿತು. ಕಂಪನಿ ನಡೆಸುತ್ತಿದ್ದವನು ಜಾನ್ ಪ್ಯಾಟರ್ಸನ್, ಪುಸ್ತಕ ಬರೆದವನು ಅವನ ಸಂಬಂಧಿ ಜೋಸೆಫ್ ಕ್ರೇನ್. ಅಂಗಡಿಯವನ ಮುಂದೆ ಏನು ಹೇಳಬೇಕು, ಯಾವ ಹಂತದಲ್ಲಿ ಯಂತ್ರದ ಕಡೆ ಬೆರಳು ತೋರಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಮಾರಾಟಗಾರರು ಅದನ್ನು ಕಂಠಪಾಠ ಮಾಡಬೇಕಿತ್ತು. ಕ್ರೇನ್ ಸುಮ್ಮನೆ ಕುಳಿತು ಬರೆದವನಲ್ಲ, ತಾನೇ ಯಂತ್ರ ಮಾರಿ ಹೆಸರು ಮಾಡಿದವನು. ಅವನ ಮಾತು ಅವನು ತಿರುಗಿದ ಅಂಗಡಿಗಳಿಂದ ಹುಟ್ಟಿತ್ತು. ಪುಣೆಯಲ್ಲೋ ಮುಂಬೈಯಲ್ಲೋ ಬರೆದ ಹಾಳೆ ಸಂಖದ ಹೊಲದ ಬದುವಿನಲ್ಲಿ ಕೆಲಸಕ್ಕೆ ಬಾರದಿರಲು ಕಾರಣವೂ ಇದೇ. ಹಾಳೆ ಇರಬಾರದೆಂದು ನಾನು ಹೇಳುವುದಿಲ್ಲ. ಇಲ್ಲಿಯ ಹಾಳೆಯನ್ನು ಇಲ್ಲಿಯೇ ಬರೆಯಬೇಕು.

ಅಂಥ ಹಾಳೆ ಹೇಗಿರುತ್ತದೆ ಎಂಬುದಕ್ಕೆ ಒಂದು ಕರೆಯನ್ನು ಇದ್ದಂತೆಯೇ ಕೊಡುತ್ತೇನೆ. ಮಾತಾಡಿದವಳು ನಮ್ಮಲ್ಲಿ ಕೆಲಸ ಮಾಡುವ ಪೂರ್ವ ಭಾಗದ ಒಬ್ಬ ಹೆಣ್ಣುಮಗಳು. ಮನೆಯಲ್ಲಿ ದಾಳಿಂಬೆ ಇದೆ, ಶಾಲೆ ಕಲಿತದ್ದು ಕನ್ನಡದಲ್ಲಿ, ಕಾಲೇಜು ಮರಾಠಿಯಲ್ಲಿ.

"ನಮಸ್ಕಾರ್ರೀ, ಜತ್ತದಿಂದ ಮಾತಾಡಾಕತ್ತೀನ್ರಿ. ಈಗ ಲೈಟ್ ಐತೇನ್ರಿ ನಿಮ್ಮ ಕಡೆ?"

"ಐತಿ. ನೀರ ಹಚ್ಚೀನಿ. ಏನ್ ಬೇಕಿತ್ತು?"

"ಡ್ರಿಪ್ಪಿಂದು ಮಾತಾಡೂದಿತ್ತ್ರಿ. ಈಗ ಬ್ಯಾಡ, ಲೈಟ್ ಯಾವಾಗ ಹೋಗ್ತೈತಿ ಹೇಳ್ರಿ, ಆಮ್ಯಾಲ ಮಾಡ್ತೀನಿ."

"ಹನ್ನೆರಡಕ್ಕ ಹೋಗ್ತೈತಿ. ಉಂಡು ಕುಂತಿರ್ತೀನಿ, ಅವಾಗ ಮಾಡ್ರಿ."

ಮೊದಲ ಕರೆ ಅಲ್ಲಿಗೇ ಮುಗಿಯಿತು. ಏನೂ ಮಾರಲಿಲ್ಲ, ಕಂಪನಿಯ ಹೆಸರೂ ಬರಲಿಲ್ಲ. ನಮ್ಮ ಕಡೆ ಕೃಷಿ ಪಂಪಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಲೈಟಿದ್ದಾಗ ರೈತನ ಜೀವವೆಲ್ಲ ಸ್ಟಾರ್ಟರಿನ ಮೇಲೆ. ಒಂದು ವಾಲ್ವು ಮುಚ್ಚಿ ಇನ್ನೊಂದನ್ನು ತೆಗೆಯುವ ಗಡಿಬಿಡಿ. ಆ ಹೊತ್ತಿನಲ್ಲಿ ಎರಡು ನಿಮಿಷ ಕೇಳಿದರೆ ಅವನು ಸಿಡುಕುತ್ತಾನೆ, ಸಿಡುಕಿದ್ದು ತನ್ನ ಮೇಲೆಂದು ಹೊಸಬ ಕುಗ್ಗುತ್ತಾನೆ. ರಾತ್ರಿ ಪಾಳಿಯ ವಾರದಲ್ಲಿ ಬೆಳಿಗ್ಗೆ 9 ಗಂಟೆಗೆ ಕರೆ ಮಾಡಿದರೆ ನಿದ್ದೆಗಣ್ಣಿನ ಮನುಷ್ಯ ಸಿಗುತ್ತಾನೆ. ಲೈಟಿನ ಪಾಳಿ ಗೊತ್ತಿಟ್ಟುಕೊಂಡು ಕರೆ ಮಾಡಿದರೆ ಅದೇ ರೈತ ಬೇರೆಯೇ ಮನುಷ್ಯ.

ಹನ್ನೆರಡರ ಮೇಲೆ ಮತ್ತೆ ಕರೆ ಹೋಯಿತು. ಊರು ಕೇಳಿದ, ಹೇಳಿದಳು. ಆ ಊರಿನಲ್ಲಿ ಅವನ ಅಕ್ಕನನ್ನು ಕೊಟ್ಟಿದ್ದಾರಂತೆ. ಅದಾದ ಮೇಲೆ ಬಾಗದ ಮಾತು.

"ಗಿಡ ಯಾವ ಅಂತರಕ್ಕ ಹಚ್ಚೀರಿ?"

"ಸಾಲಿಗೆ ಹದಿನಾಲ್ಕ್ ಫೂಟು, ಗಿಡದಿಂದ ಗಿಡಕ್ಕ ಹತ್ತು."

"ಹಂಗಾರ ಎಕರೆಕ್ಕ ಮುನ್ನೂರಾ ಹತ್ತರ ಮ್ಯಾಲ ಕುಂತಿರ್ತಾವ. ಎರಡೂ ಬಾಜೂಕ ಲ್ಯಾಟರಲ್ ಎಳದ್ರ ಒಂಬೈನೂರಾ ಐವತ್ತು ಮೀಟರಿನ ಎರಡು ಪಟ್ಟು, ಅಂದ್ರ ಹತ್ತೊಂಬತ್ ನೂರು ಮೀಟರ್ ಹಿಡೀತೈತ್ರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದು ಪ್ರಶ್ನೆ: "ನೀವು ಬಾಗದಾಗ ದುಡದೀರೇನ್ರಿ?"

ಈ ಕೆಲಸದಲ್ಲಿ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಕರೆಯನ್ನೇ ತೋರಿಸುತ್ತೇನೆ. ಆಕೆಯ ದನಿ ಗಟ್ಟಿಯಾಗಿದ್ದದ್ದು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದರಿಂದ ಅಲ್ಲ. ಒಂದು ಎಕರೆಯೆಂದರೆ 43,560 ಚದರ ಅಡಿ, ಅದನ್ನು 140ರಿಂದ ಭಾಗಿಸಿದರೆ 311 ಗಿಡ ಎಂಬುದು ಅವಳ ನಾಲಿಗೆಯ ಮೇಲಿತ್ತು. ಗಿಡಕ್ಕೆ ತಾಸಿಗೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಇಟ್ಟರೆ 16 ಲೀಟರು, ಎಕರೆಗೆ ತಾಸಿಗೆ ಸುಮಾರು 5,000 ಲೀಟರು. ಬೋರಿನ ನೀರು ಅಳೆಯಲು 200 ಲೀಟರಿನ ಬ್ಯಾರಲ್ ಸಾಕು. ಅದು 2 ನಿಮಿಷಕ್ಕೆ ತುಂಬಿದರೆ ತಾಸಿಗೆ 6,000 ಲೀಟರು, ಒಂದು ಎಕರೆಯನ್ನು ಒಂದೇ ವಾಲ್ವಿನಲ್ಲಿ ನಡೆಸಬಹುದು. 4 ನಿಮಿಷ ಹಿಡಿದರೆ 3,000. ಎಕರೆಯನ್ನು ಎರಡು ವಾಲ್ವಿಗೆ ಒಡೆಯಬೇಕು. ಇಷ್ಟು ಲೆಕ್ಕ ಬಾಯಲ್ಲಿದ್ದವರಿಗೆ ಮುಂದಿನ ಪ್ರಶ್ನೆ ಯಾವುದೋ ಎಂಬ ಅಂಜಿಕೆ ಇರುವುದಿಲ್ಲ.

ನನಗೆ ಈ ಲೆಕ್ಕ ಕಲಿಸಿದವರು ಜೋಡಣೆ ಮಾಡುವ ಒಬ್ಬ ಹಿರಿಯ ಫಿಟ್ಟರ್. ಫೋನ್ ಬದಿಗಿಟ್ಟು ಅವರ ಹಿಂದೆ ಹೊಲ ತಿರುಗಿದೆ. ಸ್ಯಾಂಡ್ ಫಿಲ್ಟರಿನ ಮುಚ್ಚಳ ಬಿಚ್ಚಿ ಮರಳು ತೊಳೆಯುವುದು, ಲ್ಯಾಟರಲ್ಲಿನ ತುದಿ ಬಿಚ್ಚಿ ಕೆಸರು ಹೊರಹಾಕುವುದು, ಬೋರಿನ ಸವಳು ನೀರಿನಿಂದ ಡ್ರಿಪ್ಪರಿನ ಬಾಯಿಗೆ ಕಟ್ಟಿದ ಬಿಳಿ ಸುಣ್ಣವನ್ನು ಆಸಿಡ್ ಬಿಟ್ಟು ಕರಗಿಸುವುದು. ಆಸಿಡನ್ನು ನೀರಿಗೆ ಹಾಕಬೇಕು, ಆಸಿಡ್ಡಿಗೆ ನೀರು ಸುರಿಯಬಾರದು, ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಇದನ್ನು ಅವರು ಪ್ರತಿ ಹೊಲದಲ್ಲೂ ರೈತನಿಗೆ ಹೇಳುತ್ತಿದ್ದರು, ನನಗೂ ಹೇಳುತ್ತಿದ್ದರು. ಅಂಗಡಿಯಲ್ಲಿ ಕುಳಿತು ಕಲಿತ ಯಾವ ಮಾತೂ ಆ ಹೊಲಗಳಷ್ಟು ಕೆಲಸಕ್ಕೆ ಬಂದಿಲ್ಲ. ಹೊಸದಾಗಿ ಸೇರಿದವರನ್ನು ಫೋನಿನ ಮುಂದೆ ಕೂರಿಸುವ ಮೊದಲು ಹೊಲಕ್ಕೆ ಕಳಿಸಬೇಕು ಎಂಬ ನನ್ನ ಹಟ ಅಲ್ಲಿಂದಲೇ ಬಂದದ್ದು.

ಜತ್ತ ಇರುವ ಅದೇ ಸಾಂಗ್ಲಿ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕುಂಡಲದ ಹತ್ತಿರ, ಕಿರ್ಲೋಸ್ಕರವಾಡಿ ಇದೆ. ಮಾರುವವರೆಲ್ಲ ತಿಳಿಯಬೇಕಾದ ಕತೆ ಆ ಊರಿನದು, ಅದರ ಬೇರು ಕನ್ನಡ ನೆಲದಲ್ಲೇ ಇದೆ. ಆ ಊರು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸಿದರು. ಅಣ್ಣ ರಾಮುವಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಸೈಕಲ್ ಎಂಬ ಗಾಡಿಯನ್ನು ಜನ ನಿಂತು ನೋಡುತ್ತಿದ್ದ ಕಾಲ ಅದು. ಆದ್ದರಿಂದ ಅಣ್ಣತಮ್ಮಂದಿರು ಸೈಕಲ್ ಮಾರುವುದರ ಜೊತೆಗೆ ಹತ್ತಲೂ ಕಲಿಸುತ್ತಿದ್ದರು. ಕಲಿತವನು ತಾನೇ ಕೊಳ್ಳುತ್ತಾನೆ, ನೋಡಿದವನು ಕಲಿಯಲು ಬರುತ್ತಾನೆ.

ಮುಂದೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ನೇಗಿಲು ತಯಾರಾಯಿತು, ಕೊಳ್ಳುವವರು ಬರಲಿಲ್ಲ. ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಎರಡು ವರ್ಷದ ಕರೆಗಳಿಗೆಲ್ಲ ಒಂದೇ ಉತ್ತರ. ಬೆಳಗಾವಿಯಿಂದ ಕಾರ್ಖಾನೆ ಕಿತ್ತುಕೊಂಡು ಹೋಗುವ ಪ್ರಸಂಗ ಬಂದಾಗ ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ ತಮ್ಮ ರಾಜ್ಯದಲ್ಲಿ ಜಾಗ ಕೊಟ್ಟರು. ಪಾಪಾಸುಕಳ್ಳಿ ಬೆಳೆದ ಬರಡು ಭೂಮಿಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1920ರಲ್ಲಿ ಅಲ್ಲಿಂದಲೇ ಶಂಕರರಾವ ಕಿರ್ಲೋಸ್ಕರ 'ಕಿರ್ಲೋಸ್ಕರ ಖಬರ' ಎಂಬ ಪತ್ರಿಕೆ ಹೊರಡಿಸಿದರು. ಕಾರ್ಖಾನೆಯ ಸುದ್ದಿ, ಸರಕಿನ ಮಾಹಿತಿಗೆಂದು ಹುಟ್ಟಿದ ಆ ಪತ್ರಿಕೆ ಮುಂದೆ ಮರಾಠಿಯ ಹೆಸರಾಂತ ಮಾಸಿಕವೇ ಆಯಿತು.

ಆ ಎರಡು ವರ್ಷ ಲಕ್ಷ್ಮಣರಾವರು ತಡೆದದ್ದು ಹೇಗೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರಿಗೆ ನೇಗಿಲೊಂದೇ ಗತಿಯಾಗಿರಲಿಲ್ಲ ಎಂಬುದು ನನಗೆ ಕಾಣುವ ಕಾರಣ. ಮೇವಿನ ಯಂತ್ರ ಕೈಯಲ್ಲಿತ್ತು. ತಮ್ಮ ನೇಗಿಲು ಒಳ್ಳೆಯದೆಂಬುದು ಮಾಡಿದ ಕೈಗಳಿಗೆ ಗೊತ್ತಿತ್ತು. ರೈತನ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಇವತ್ತು ನಮಗೆ ಸುಲಭ. ಆದರೆ ಇದ್ದ ಒಂದೇ ಹೊಲವನ್ನು ಒಂದು ಹೊಸ ಸಾಮಾನಿಗೆ ಒಡ್ಡುವವನು ಹೆದರದೆ ಇನ್ನೇನು ಮಾಡಿಯಾನು? ಹೊಲ ಕೆಟ್ಟರೆ ಮಾರಿದವನಿಗೆ ಒಂದು ನೇಗಿಲು ಹೋಯಿತು, ಕೊಂಡವನಿಗೆ ವರ್ಷದ ಅನ್ನ ಹೋಯಿತು.

ನಮ್ಮ ಫೋನಿನಲ್ಲಿ ಇವತ್ತಿಗೂ ಬರುವ ಮಾತುಗಳು ಅದೇ ಜಾತಿಯವು. "ಡ್ರಿಪ್ ಹಾಕಿದ್ರ ಬೇರ ಮ್ಯಾಲ ಬರ್ತಾವ." "ಇಲಿ ಪೈಪ ಕಡೀತಾವ." "ಸವಳ ನೀರಿಗೆ ವರ್ಷದಾಗ ಕಟಕೋತೈತಿ." ಬಾಯಿಪಾಠದ ಹಾಳೆ ಇವನ್ನು ಅಡ್ಡಿಗಳೆಂದು ಕರೆದು ದಾಟಿಹೋಗಲು ಹೇಳುತ್ತದೆ. ಇವೆಲ್ಲ ಹೊಲದಲ್ಲಿ ಕಂಡ ನಿಜಗಳು. ದಿನಾಲೂ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಡ್ರಿಪ್ಪರನ್ನು ಬುಡದಲ್ಲೇ ಇಟ್ಟರೆ ಬೇರು ಮೇಲೇ ಉಳಿಯುತ್ತದೆ. ಗಿಡ ಬೆಳೆದ ಹಾಗೆ ಲ್ಯಾಟರಲ್ ಹೊರಗೆ ಸರಿಸಬೇಕು, ನೀರನ್ನು ಬಿಡುವು ಕೊಟ್ಟು ಹೆಚ್ಚು ಹೊತ್ತು ಬಿಡಬೇಕು. ಸವಳಿಗೆ ಆಸಿಡ್ ಉಪಾಯವಿದೆ, ವರ್ಷಕ್ಕೆ ಇಂತಿಷ್ಟು ಸಲ ಎಂದು ಮಾಡಬೇಕು. ಇಲಿ ಅಳಿಲಿಗೆ ಮಾತ್ರ ಪೂರಾ ಉಪಾಯ ನಮ್ಮ ಹತ್ತಿರ ಇಲ್ಲ. ಕಡಿದ ಕಡೆ ಜೋಡಿಸಲು ಜಾಯಿನರ್ ಇಟ್ಟುಕೊಳ್ಳಿ ಎನ್ನುತ್ತೇವೆ. ಇಲ್ಲ ಎಂದು ಹೇಳಿದ ಈ ಒಂದು ಮಾತು, ಉಳಿದ ಎರಡು ಮಾತಿಗೆ ತೂಕ ಕೊಡುತ್ತದೆ.

ಸಬ್ಸಿಡಿಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಕೇಂದ್ರದ ಯೋಜನೆಯಲ್ಲಿ ಹನಿ ನೀರಾವರಿಗೆ ಸಣ್ಣ, ಅತಿಸಣ್ಣ ರೈತರಿಗೆ 55, ಉಳಿದವರಿಗೆ 45 ಪ್ರತಿಶತ. ಮಹಾರಾಷ್ಟ್ರ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 80 ಮತ್ತು 75ಕ್ಕೆ ಏರಿಸಿದೆ. ಈ ಪ್ರತಿಶತ ಸರ್ಕಾರ ಕಟ್ಟಿದ ದರದ ಮೇಲೆ, ಅಂಗಡಿಯ ಬಿಲ್ಲಿನ ಮೇಲಲ್ಲ. ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ, ಸಾತಬಾರಾ, ಆಠ-ಅ ಖಾತೆ ಉತಾರ, ಪೂರ್ವಸಂಮತಿ, ಆಮೇಲೆ ಜೋಡಣೆ, ಬಿಲ್ಲು, ತಪಾಸಣೆ, ಕಡೆಗೆ ಖಾತೆಗೆ ದುಡ್ಡು. "ತಿಂಗಳದಾಗ ಬರ್ತೈತ್ರಿ" ಎಂದು ಹೇಳಿದರೆ ಇವತ್ತಿನ ಕರೆ ಗೆಲ್ಲುತ್ತದೆ, ಇಡೀ ಊರು ಕೈಬಿಡುತ್ತದೆ. ಒಂದು ಹಳ್ಳಿಯಲ್ಲಿ ಯಾವುದೋ ಕಂಪನಿಯ ಹುಡುಗ ಹಾಗೆ ಹೇಳಿ ಹೋಗಿದ್ದಕ್ಕೆ, ಅವನ ನಂತರ ಹೋದ ನಮಗೆಲ್ಲ ಆ ಊರಿನ ಬಾಗಿಲು ಬಹಳ ಕಾಲ ಮುಚ್ಚಿತ್ತು. ಪೂರ್ವಸಂಮತಿ ಬರುವ ತನಕ ಪೈಪು ಇಳಿಸುವುದಿಲ್ಲ, ದುಡ್ಡು ಯಾವಾಗ ಬರುತ್ತದೆಂದು ದಿನ ಹೇಳುವುದಿಲ್ಲ ಎಂಬ ಎರಡು ಕಟ್ಟುಪಾಡು ನಮ್ಮಲ್ಲಿ ಈಗ ಕಡ್ಡಾಯ.

ಬೇಡ ಎನ್ನುವುದರಲ್ಲೂ ತರಹೇವಾರಿ. "ಮುಂದಿನ ಬಹಾರಕ್ಕ ನೋಡೂಣು" ಎಂದವನು ಬಹುಮಟ್ಟಿಗೆ ನಿಜ ಹೇಳುತ್ತಿರುತ್ತಾನೆ. ದಾಳಿಂಬೆಗೆ ಮೂರು ಬಹಾರ, ಅಂದರೆ ಹೂ ಬಿಡಿಸುವ ಹಂಗಾಮು: ಜನವರಿ ಫೆಬ್ರವರಿಯ ಅಂಬೆ, ಮುಂಗಾರಿನ ಮೃಗ, ಸೆಪ್ಟೆಂಬರ್ ಅಕ್ಟೋಬರಿನ ಹಸ್ತ. ಬಹಾರ ಹಿಡಿಯುವ ಮೊದಲು ಗಿಡಕ್ಕೆ ನೀರು ನಿಲ್ಲಿಸಿ ಒಣಗಿಸುತ್ತಾರೆ, ಎಲೆ ಉದುರಿಸುತ್ತಾರೆ. ಪೈಪು ಬದಲಿಸುವವನು ಆ ಒಣ ದಿನಗಳಲ್ಲೇ ಬದಲಿಸಬೇಕು. ಹಾಗಾಗಿ "ಮುಂದಿನ ಬಹಾರ" ಎಂದರೆ ಒಂದು ತಾರೀಖು ಸಿಕ್ಕಂತೆ. "ಹುಡುಗನ್ನ ಕೇಳ್ರಿ" ಎಂದರೆ ಪುಣೆಯಲ್ಲೋ ಸಾಂಗ್ಲಿಯಲ್ಲೋ ನೌಕರಿಯಲ್ಲಿರುವ ಮಗನ ನಂಬರು ಕೇಳಿ ಪಡೆಯಬೇಕು. ಅವನ ಜೊತೆ ಭಾನುವಾರ ಮಾತಾಡಬೇಕು. ತೇಲ್ಯಾ ರೋಗ ಬಿದ್ದು ಹಣ್ಣೆಲ್ಲ ಎಣ್ಣೆಕಲೆಯಾಗಿ ಸೀಳಿದ ಬಾಗದವನು "ಈಗ ಏನೂ ಬ್ಯಾಡ್ರಿ" ಎಂದರೆ ಮಾರಾಟದ ಮಾತು ಅಲ್ಲಿಗೆ ನಿಲ್ಲಿಸಬೇಕು. ಸೊಲ್ಲಾಪುರದಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಬೇಕಿದ್ದರೆ ಅಲ್ಲಿಯ ಸಲಹೆ ಕೇಳಲು ಹೇಳಿ ಫೋನಿಡಬೇಕು.

ಒರಟಾಗಿ ಬೇಡ ಎಂದವನ ಹೆಸರು ಪಟ್ಟಿಯಿಂದ ತೆಗೆಯಬೇಕು. ಕಾನೂನೂ ಅದನ್ನೇ ಹೇಳುತ್ತದೆ. ಜಾಹೀರಾತಿನ ಕರೆ ಬೇಡವೆನ್ನುವವರು 1909 ನಂಬರಿಗೆ ತಿಳಿಸಿ ನೋಂದಾಯಿಸಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ನಿಯಮ ಬಿಗಿ ಮಾಡಿತು, ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರು ಗೊತ್ತುಮಾಡಿದೆ. 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೂ ಪ್ರಚಾರದ ಕರೆಯನ್ನು 140ರ ಸಾಲಿನಿಂದಲೇ ಮಾಡಬೇಕೆಂದು ಹೇಳಿತು. ದಿನವಿಡೀ ಸಾಲದ, ವಿಮೆಯ, ಲಾಟರಿಯ ಫೋನು ಕೇಳಿ ಬೇಸತ್ತ ರೈತನಿಗೆ ನಮ್ಮ ಕರೆಯೂ ಮೊದಲಿಗೆ ಅವುಗಳಲ್ಲೊಂದು. ಅವನ ಅನುಮಾನಕ್ಕೆ ನಾವು ಗೌರವ ಕೊಡಲೇಬೇಕು. ಎಷ್ಟೋ ಮಂದಿ ಫೋನಿನ ಒಂದು ಮಾತು ನಂಬಿ ಖಾತೆ ಖಾಲಿ ಮಾಡಿಕೊಂಡದ್ದನ್ನು ಅವನು ಕಂಡಿದ್ದಾನೆ.

ಹಟ ಹಿಡಿದು ದಿನಾಲೂ ಅದೇ ಕೆಲಸ ಮಾಡುವ ಬಲ ಎಲ್ಲಿಂದ ತರುವುದು? ಬೆಳಿಗ್ಗೆಯಿಂದ ಬೇಡ, ಬೇಡ ಎಂದು ಕೇಳಿದ ಮೇಲೆ ದನಿ ತಾನಾಗಿ ಇಳಿಯುತ್ತದೆ. ಇಳಿದ ದನಿಗೆ ಇನ್ನಷ್ಟು ಬೇಡ ಬರುತ್ತದೆ. ಇದಕ್ಕೆ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ, ಹೊಸಬರಿಗೆ ಇದನ್ನು ನಾನು ಎಲ್ಲಕ್ಕಿಂತ ಮುಂಚೆ ಹೇಳುತ್ತೇನೆ. ದಿನದ ಮೊದಲ ಕರೆಗಳು ಹೊಸ ಗಿರಾಕಿಗಲ್ಲ, ಹಿಂದೆ ಕೊಂಡವರಿಗೆ. ಮಾರಲು ಏನೂ ಇಲ್ಲ. ಫಿಲ್ಟರ್ ತೊಳೆದಿರೇನು, ಕಡೆಯ ಸಾಲಿನ ಗಿಡಕ್ಕೆ ನೀರು ಸರಿ ಬೀಳುತ್ತದೇನು ಎಂದು ಕೇಳುವುದು. ಅವರಲ್ಲೊಬ್ಬ "ಛಲೋ ನಡದೈತಿ" ಅಂದರೆ ಆ ಮಾತು ಇಡೀ ದಿನಕ್ಕೆ ಆಸರೆ. ಒಬ್ಬ ಬೈದರೆ ಮಧ್ಯಾಹ್ನ ಫಿಟ್ಟರ್ ಹೋಗುತ್ತಾನೆ. ಎರಡೂ ಆದ ಮೇಲೆ ಗುರುತಿಲ್ಲದ ನಂಬರಿಗೆ ಕೈ ಹಚ್ಚಿದರೆ ದನಿ ಬೇರೆಯಾಗಿರುತ್ತದೆ, ಏಕೆಂದರೆ ಸಾಮಾನು ಎಲ್ಲೋ ಒಂದು ಹೊಲದಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದೆ ಎಂಬುದು ಕಿವಿಯಲ್ಲಿ ಹಸಿಯಾಗಿರುತ್ತದೆ.

ಇನ್ನೊಂದು ಆಸರೆ ಒಂದು ವಹಿ. ಕಂಪ್ಯೂಟರಿನಲ್ಲೂ ಬರೆಯಬಹುದು, ನಮ್ಮ ಹುಡುಗಿಯರು ಉದ್ದನೆಯ ವಹಿಯನ್ನೇ ಮೆಚ್ಚುತ್ತಾರೆ. ಊರು, ಬೆಳೆ, ಗಿಡದ ಅಂತರ, ನೀರಿನ ಮೂಲ, ಈ ವಾರದ ಲೈಟಿನ ಪಾಳಿ, ಮತ್ತೆ ಯಾವಾಗ ಕರೆ. ಕಡೆಯ ಅಂಕಣದಲ್ಲಿ ರೈತ ಆಡಿದ ಮಾತನ್ನು ಅವನ ಬಾಯಿಯಿಂದ ಬಂದಂತೆಯೇ ಬರೆಯುತ್ತಾರೆ: "ಮಗಳ ಲಗ್ನ ಆದ ಮ್ಯಾಲ", "ಸಾಲ ಐತಿ, ಅದ ಹರಿದ ಮ್ಯಾಲ", "ತಮ್ಮ ಒಪ್ಪವಲ್ಲ". ಎರಡು ತಿಂಗಳ ಮೇಲೆ ಕರೆ ಮಾಡಿದಾಗ "ಲಗ್ನ ಸಾಂಗ ಆತೇನ್ರಿ?" ಎಂದು ಕೇಳಿದರೆ ಅವನು ಅಪರಿಚಿತನಾಗಿ ಉಳಿಯುವುದಿಲ್ಲ. ಗುರುವಾರ ಮಾಡುತ್ತೇನೆ ಎಂದ ಕರೆ ಗುರುವಾರವೇ ಹೋಗಬೇಕು. ಕೊಳ್ಳುವುದಿಲ್ಲ ಎಂದು ಗೊತ್ತಿದ್ದರೂ ಹೋಗಬೇಕು. ನನ್ನ ಲೆಕ್ಕದಲ್ಲಿ ಈ ಒಂದು ನಿಯಮ ಉಳಿದೆಲ್ಲ ತಂತ್ರಗಳಿಗಿಂತ ಹೆಚ್ಚು ಪೈಪು ಮಾರಿದೆ.

ಫೋನಿನಿಂದಲೇ ಎಲ್ಲ ಆಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. 1943ರಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾ ರಾಜ್ಯದ ಎರಡು ಹಳ್ಳಿಗಾಡಿನ ಸಮುದಾಯಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹೈಬ್ರಿಡ್ ಗೋವಿನಜೋಳದ ಬೀಜ ರೈತರ ಹೊಲಕ್ಕೆ ಹೇಗೆ ಬಂತು ಎಂಬುದು ಅದರ ವಿಷಯ. ಬೀಜದ ಸುದ್ದಿಯನ್ನು ಮೊದಲು ಮುಟ್ಟಿಸಿದವರಲ್ಲಿ ಕಂಪನಿಯ ಮಾರಾಟಗಾರರೇ ಮುಂದೆ. ಕೊಳ್ಳಲು ಮನಸ್ಸು ಒಪ್ಪಿಸಿದವರಲ್ಲಿ ನೆರೆಹೊರೆಯ ರೈತರು ಮುಂದೆ. ಮೊದಲು ಕೇಳಿದಾಗಿನಿಂದ ಬಿತ್ತುವ ತನಕ ಒಬ್ಬ ರೈತನಿಗೆ ಹಲವು ವರ್ಷ ಹಿಡಿದಿತ್ತು. ಅಯೋವಾದ ಈ ಸಂಗತಿ ನಮ್ಮ ತಾಲೂಕಿನ ಬಿಳೂರಿಗೂ ಹೊಂದುತ್ತದೆ. ನಮ್ಮ ಕರೆ ಸುದ್ದಿ ಮುಟ್ಟಿಸುತ್ತದೆ, ಒಪ್ಪಿಸುವುದು ಬದುವಿನಾಚೆಯ ಹೊಲ. ಅದಕ್ಕಾಗಿ ಒಂದೊಂದು ಊರಿನಲ್ಲಿ ಒಂದಾದರೂ ಬಾಗ ಚೆನ್ನಾಗಿ ನಡೆಯುವಂತೆ ನೋಡಿಕೊಂಡು, ಹೊಸಬನಿಗೆ "ಅಲ್ಲಿ ಹೋಗಿ ನೋಡ್ಕೊಂಡ ಬರ್ರಿ, ನಾವು ಬರೂದಿಲ್ಲ, ನೀವೇ ಕೇಳ್ರಿ" ಎನ್ನುತ್ತೇವೆ. ಮಾರುವವನು ಜೊತೆಗಿಲ್ಲದಾಗ ರೈತರಿಬ್ಬರು ಆಡುವ ಮಾತು ಪೂರಾ ಬೇರೆ. ಗುಡ್ಡಾಪುರದ ದಾನಮ್ಮನ ಜಾತ್ರೆ, ಜತ್ತದ ಯಲ್ಲಮ್ಮನ ಜಾತ್ರೆಯಲ್ಲೂ ಹೀಗೆಯೇ. ಎರಡೂ ರಾಜ್ಯದ ಜನ ಸೇರುವ ಕಡೆ ನಾಲ್ಕು ಮಂದಿ ಬಾಗಾಯತದಾರರು ಚಹಾ ಕುಡಿಯುತ್ತ ನಿಂತರೆ ಅಲ್ಲಿ ನಡೆಯುವ ವಿಚಾರಣೆ ನಮ್ಮ ಎಷ್ಟೋ ದಿನದ ಫೋನಿಗಿಂತ ದೊಡ್ಡದು.

2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ 40 ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದಾಗ ಟಿ.ವಿ.ಯವರೆಲ್ಲ ಇಲ್ಲಿಗೆ ಬಂದರು. ಗಡಿಯ ಗದ್ದಲದ ಕೆಳಗೆ ಈ ಊರುಗಳ ಕೂಗು ನೀರಿನದೇ ಆಗಿತ್ತು. ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆಯನ್ನು ಪೂರ್ವ ಭಾಗಕ್ಕೆ ವಿಸ್ತರಿಸುವ ಕೆಲಸ ಆಮೇಲೆ ಬಿರುಸಾಯಿತು. ಅದರ ಜೊತೆಗೆ ನಮ್ಮ ಫೋನಿಗೂ ಒಂದು ಹೊಸ ಪ್ರಶ್ನೆ ಬಂದಿದೆ: "ಕಾಲುವಿ ನೀರ ಬರೂದೈತಿ. ಡ್ರಿಪ್ ಯಾಕ ಬೇಕ್ರಿ ಇನ್ನ?"

ಪ್ರಶ್ನೆ ನ್ಯಾಯವಾದದ್ದು, ಇದಕ್ಕೂ ಹೊಲದ ಲೆಕ್ಕದಲ್ಲೇ ಉತ್ತರ ಹೇಳಬೇಕು. ಯೋಜನೆಯ ನೀರು ಆವರ್ತನದ ಮೇಲೆ ಬರುತ್ತದೆ, ಒಂದು ಆವರ್ತನಕ್ಕೂ ಮುಂದಿನದಕ್ಕೂ ನಡುವೆ ಬಿಡುವಿರುತ್ತದೆ. ಆ ಬಿಡುವನ್ನು ಶೇತತಳೆಯಿಂದ ದಾಟಬೇಕು. ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳದ ಇಳಿಜಾರು ದಂಡೆಯ ಹೊಂಡದಲ್ಲಿ ಸುಮಾರು 22 ಲಕ್ಷ ಲೀಟರು ನೀರು ಹಿಡಿಯುತ್ತದೆ. ದಿನಕ್ಕೆ ಎರಡು ತಾಸು ಡ್ರಿಪ್ ನಡೆಸಿದರೆ ಎಕರೆಗೆ 10,000 ಲೀಟರು. ಮೂರು ಎಕರೆಗೆ 70 ದಿನದ ಮೇಲೆ ಬಾಳುತ್ತದೆ, ಬೇಸಿಗೆಯ ಬಿಸಿಲಿಗೆ ಆವಿಯಾಗುವುದನ್ನು ಕಳೆದರೆ ಇನ್ನಷ್ಟು ಕಡಿಮೆ. ಅದೇ ಹೊಂಡವನ್ನು ಪಾತಿಯಲ್ಲಿ ಹರಿಸಿದರೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ನಾವು ಹೇಳುವುದಿಲ್ಲ, ರೈತನನ್ನೇ ಕೇಳುತ್ತೇವೆ. ಅದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೊಂಡದ ನೀರಿಗೆ ಪಾಚಿ ಕಟ್ಟುತ್ತದೆ, ಅದಕ್ಕೆ ಡಿಸ್ಕ್ ಫಿಲ್ಟರ್ ಒಂದೇ ಸಾಲದು, ಮುಂದೆ ಸ್ಯಾಂಡ್ ಫಿಲ್ಟರ್ ಇರಲೇಬೇಕು, ಖರ್ಚು ಅಷ್ಟರಮಟ್ಟಿಗೆ ಏರುತ್ತದೆ ಎಂಬುದನ್ನೂ ಮೊದಲ ಕರೆಯಲ್ಲೇ ಹೇಳುತ್ತೇವೆ. ಈ ಲೆಕ್ಕವನ್ನು ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹಾಳೆಯಾಗಿ ಬರೆದು ಫೋನಿನ ಎದುರಿನ ಗೋಡೆಗೆ ಅಂಟಿಸಿದ್ದೇವೆ. ಹೊಂಡದ ಅಳತೆ ತಿಳಿಯದ ರೈತರ ಹೆಸರನ್ನು ವಹಿಯಲ್ಲಿ ಬೇರೆ ಪುಟಕ್ಕೆ ಬರೆದಿದೆ. ಟೇಪು ಹಿಡಿದು ಫಿಟ್ಟರ್ ಅವರ ಹೊಲಗಳಿಗೆ ಹೋಗುತ್ತಿದ್ದಾನೆ, ಮುಂದಿನ ಕರೆ ಅವನು ಅಳೆದು ಬಂದ ಮೇಲೆ.